ಟ್ರ್ಯಾಪ್ ಊರಿನ ಹಳೇ ಚರ್ಚು, ಮ್ಯೂಲೆನ್‌ಬರ್ಗ್ ಪಾದ್ರಿ: ಇವರು ಭಾರತಕ್ಕೆ ಬರಬೇಕಿತ್ತಂತೆ, ನಿಜವಾ?

ತುಂಗೆಯ_ನೀರು:
ಎಲ್ಲರಿಗೂ ನಮಸ್ಕಾರ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾದಿಂದ ಕಾರಿನಲ್ಲಿ ಒಂದು ಗಂಟೆ ದೂರ. ಹೋದ ಶನಿವಾರ ಮಗಳನ್ನು ಈಜು ಕ್ಲಾಸಿಗೆ ಬಿಟ್ಟೆ. ಎರಡು ಗಂಟೆ ಕಾಯಬೇಕಿತ್ತು. ಸುಮ್ನೆ ಪಕ್ಕದ ಟ್ರ್ಯಾಪ್ ಅನ್ನೋ ಊರಿಗೆ ಹೋದೆ. ಅಲ್ಲೊಂದು ಕಲ್ಲಿನ ಚರ್ಚು ಇದೆ, ಆಗಸ್ಟಸ್ ಲುಥೆರನ್ ಚರ್ಚ್, ಅಂದರೆ ಮಾರ್ಟಿನ್ ಲೂಥರನ ಪಂಥದ್ದು. 1743ರಲ್ಲಿ ಕಟ್ಟಲು ಶುರು ಮಾಡಿದ್ದಂತೆ. ನಮ್ಮ ಕಡೆ ಅದೇನೂ ಹಳೇ ಕಟ್ಟಡ ಅಲ್ಲ, ಆದರೆ ಈ ದೇಶಕ್ಕೆ ತುಂಬಾ ಹಳೇದು. ಹಿಂದೆ ಸ್ಮಶಾನ. ಅಲ್ಲಿ ಹೆನ್ರಿ ಮೆಲ್ಕಿಯೋರ್ ಮ್ಯೂಲೆನ್‌ಬರ್ಗ್ ಅನ್ನುವ ಪಾದ್ರಿಯ ಸಮಾಧಿ. ಕಲ್ಲಿನ ಮೇಲೆ ಲ್ಯಾಟಿನ್‌ನಲ್ಲಿ ಏನೋ ಬರೆದಿದೆ.

ಅಲ್ಲಿದ್ದ ವಯಸ್ಸಾದ ಒಬ್ಬರು ನಾನು ಭಾರತದವನು ಅಂತ ತಿಳಿದ ಕೂಡಲೇ ನಕ್ಕರು. 'ಇವರು ನಿಮ್ಮ ದೇಶಕ್ಕೆ ಹೋಗಬೇಕಿತ್ತು, ಕೊನೆಗೆ ನಮ್ಮ ಪಾಲಿಗೆ ಬಂದರು' ಅಂದರು. ಆಮೇಲೆ ಇನ್ನೂ ಕೆಲವು ಕಥೆ ಹೇಳಿದರು. ಇವರ ಒಬ್ಬ ಮಗ ಚರ್ಚಿನಲ್ಲೇ ಪಾದ್ರಿಯ ನಿಲುವಂಗಿ ಕಳಚಿ ಸೈನಿಕನಾದನಂತೆ. ಇನ್ನೊಬ್ಬ ಮಗನ ಒಂದೇ ಒಂದು ವೋಟಿನಿಂದ ಜರ್ಮನ್ ಭಾಷೆ ಅಮೆರಿಕದ ಆಡಳಿತ ಭಾಷೆ ಆಗುವುದು ತಪ್ಪಿತಂತೆ. ಮನೆಗೆ ಬಂದ ಮೇಲೂ ತಲೆಯಲ್ಲಿ ಇದೇ ಓಡುತ್ತಿದೆ. ಅಮೆರಿಕದ ಮೊದಲ ಲುಥೆರನ್ ಪಾದ್ರಿ ಇವರೇ ಅಲ್ವಾ? ಇದರಲ್ಲಿ ಎಷ್ಟು ನಿಜ, ಎಷ್ಟು ಕಟ್ಟುಕಥೆ? ಗೊತ್ತಿರುವವರು ಹೇಳಿ.

ಮೂರನೇ_ಬೆಂಚು:
ಒಳ್ಳೇ ಪ್ರಶ್ನೆ. ನಾನೂ ಕಾಯುತ್ತಿದ್ದೇನೆ.

ಹಳೇ_ಕಾಗದ:
ಮೊದಲಿಗೆ ಒಂದು ತಿದ್ದುಪಡಿ. ಮ್ಯೂಲೆನ್‌ಬರ್ಗ್ ಮೊದಲನೆಯವರಲ್ಲ. ಅವರು ಫಿಲಡೆಲ್ಫಿಯಾಕ್ಕೆ ಬಂದದ್ದು 1742ರ ನವೆಂಬರ್ 25ಕ್ಕೆ. ಅದಕ್ಕೂ ನೂರು ವರ್ಷ ಮುಂಚೆಯೇ ಡೆಲವೇರ್ ನದಿ ದಡದ ಸ್ವೀಡನ್ ವಸಾಹತಿಗೆ ಲುಥೆರನ್ ಪಾದ್ರಿಗಳು ಬಂದಿದ್ದರು. ರಿಯೋರಸ್ ಟಾರ್ಕಿಲಸ್ ಅನ್ನುವವರು 1640ರಲ್ಲೇ ಬಂದರು. ಅವರ ನಂತರ ಯೊಹಾನೆಸ್ ಕಂಪಾನಿಯಸ್.

ಈ ಕಂಪಾನಿಯಸ್ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ಅಲ್ಲಿನ ಮೂಲನಿವಾಸಿಗಳಾದ ಲೆನಾಪಿ ಜನರ ಮಾತು ಕಲಿತು, ಲೂಥರನ ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಅದಕ್ಕೆ ತಂದರು. 1696ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಚ್ಚಾಯಿತು. 'ನಮ್ಮ ಅನುದಿನದ ರೊಟ್ಟಿಯನ್ನು ಕೊಡು' ಅಂತ ಪ್ರಾರ್ಥನೆಯಲ್ಲಿ ಬರುತ್ತದಲ್ಲ, ಲೆನಾಪಿ ಜನಕ್ಕೆ ಆ ರೊಟ್ಟಿ ಏನು ಗೊತ್ತು? ಅದಕ್ಕೆ ಅವರು ಆ ಜಾಗದಲ್ಲಿ ಜಿಂಕೆ ಮಾಂಸ, ಮೆಕ್ಕೆಜೋಳ ಅಂತ ಹಾಕಿದರು. ನನಗೆ ತುಂಬಾ ಇಷ್ಟವಾದ ಅನುವಾದ ಇದು.

ಮ್ಯೂಲೆನ್‌ಬರ್ಗ್ ದೊಡ್ಡವರಾದದ್ದು ಮೊದಲು ಬಂದದ್ದಕ್ಕಲ್ಲ. ಚೆಲ್ಲಾಪಿಲ್ಲಿಯಾಗಿದ್ದ ಸಭೆಗಳನ್ನು, ಅಂದರೆ ಒಂದೊಂದು ಚರ್ಚಿನ ಜನರ ಗುಂಪುಗಳನ್ನು, ಒಟ್ಟಿಗೆ ಕಟ್ಟಿದ್ದಕ್ಕೆ.

ಜರ್ಮನಿ_ಚಳಿ:
ಭಾರತದ ವಿಷಯ ನಿಜ! ನಾನು ಜರ್ಮನಿಯ ಹಾಲೆ ಊರಿನ ಹತ್ತಿರವೇ ಇದ್ದೇನೆ, ಅಲ್ಲಿ ಫ್ರಾಂಕೆ ಅನ್ನುವ ಪಾದ್ರಿ ಕಟ್ಟಿದ ಸಂಸ್ಥೆಯ ಕಟ್ಟಡಗಳಿಗೆ ಮೂರು ಸಲ ಹೋಗಿದ್ದೇನೆ. ಅನಾಥಾಲಯ, ಶಾಲೆ, ಅಚ್ಚುಕೂಟ, ಔಷಧಿ ಅಂಗಡಿ ಎಲ್ಲ ಸೇರಿ ಅದೇ ಒಂದು ಊರಿನ ಹಾಗಿದೆ. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದ ಜೀಗೆನ್‌ಬಾಲ್ಗ್ ಗೊತ್ತಲ್ಲ, ತಮಿಳಿಗೆ ಹೊಸ ಒಡಂಬಡಿಕೆ ತಂದವರು, ಅವರೂ ಇದೇ ಹಾಲೆಯಿಂದ ಹೊರಟವರು. ಡೆನ್ಮಾರ್ಕ್ ರಾಜನ ಹಣ, ಹಾಲೆಯ ಜನ.

ಮ್ಯೂಲೆನ್‌ಬರ್ಗ್ ಹುಟ್ಟಿದ್ದು 1711ರ ಸೆಪ್ಟೆಂಬರ್ 6, ಹ್ಯಾನೋವರ್ ಸೀಮೆಯ ಐನ್‌ಬೆಕ್‌ನಲ್ಲಿ. ಗೋಟಿಂಗೆನ್‌ನಲ್ಲಿ ಓದಿದರು. ಆಮೇಲೆ ಹಾಲೆಯ ಅನಾಥಾಲಯದ ಶಾಲೆಯಲ್ಲಿ ಪಾಠ ಹೇಳಿದರು. ಆಗಲೇ ಇವರನ್ನು ಬಂಗಾಳಕ್ಕೆ ಕಳಿಸಿ ಹೊಸ ಮಿಷನ್ ಶುರು ಮಾಡುವ ಮಾತು ಬಂದಿತ್ತು. ಅದು ಮುಂದಕ್ಕೆ ಹೋಯಿತು. ಇವರು ಗ್ರಾಸ್‌ಹೆನ್ನರ್ಸ್‌ಡಾರ್ಫ್ ಅನ್ನುವ ಹಳ್ಳಿಗೆ ಪಾದ್ರಿಯಾಗಿ ಹೋದರು. 1741ರ ಸೆಪ್ಟೆಂಬರ್ 6ಕ್ಕೆ, ಅಂದರೆ ಅವರ ಮೂವತ್ತನೇ ಹುಟ್ಟುಹಬ್ಬದ ದಿನವೇ, ಫ್ರಾಂಕೆ ಮನೆಯ ಊಟದ ಹೊತ್ತಿಗೆ 'ಪೆನ್ಸಿಲ್ವೇನಿಯಾಕ್ಕೆ ಹೋಗುತ್ತೀರಾ?' ಅಂತ ಕೇಳಿದರು. ಕೆಲವು ವರ್ಷ ಇದ್ದು ನೋಡಿ ಅನ್ನುವ ಹಾಗೆ ಕೇಳಿದ್ದು. ಹೋದವರು ಊರಿಗೆ ವಾಪಸ್ ಬರಲೇ ಇಲ್ಲ.

ಅಮ್ಮನ_ಡಬ್ಬಿ:
ಕೆಲವು ವರ್ಷ ಇದ್ದು ನೋಡೋಣ ಅಂತ ಹೋದವರು! ಇದನ್ನು ಓದಿ ಒಂದು ನಿಮಿಷ ಸುಮ್ಮನೆ ಕೂತೆ. ನಾವು ನ್ಯೂಜೆರ್ಸಿಗೆ ಬಂದಾಗ ಎರಡು ವರ್ಷ ಅಂತಲೇ ಬಂದದ್ದು. ಹತ್ತೊಂಬತ್ತು ಆಯಿತು.

ಸಕ್ಕರೆನಾಡು:
ನಾನೊಂದು ಕೇಳಲೇಬೇಕು. ಇದರಲ್ಲಿ ಹೆಮ್ಮೆಪಡುವಂಥದ್ದು ಏನಿದೆ? ಲೆನಾಪಿ ಜನರ ಭೂಮಿ ಕಸಿದುಕೊಂಡ ವಸಾಹತಿಗೆ ಬಂದ ಇನ್ನೊಬ್ಬ ಪಾದ್ರಿ. ನಾವು ಕನ್ನಡದವರು ಇವರ ಕಥೆ ಯಾಕೆ ಇಷ್ಟು ಪ್ರೀತಿಯಿಂದ ಹೇಳಬೇಕು? ಆಗ ಗುಲಾಮರೂ ಇದ್ದರು. ಅದರ ಬಗ್ಗೆ ಈ ಪಾದ್ರಿಗಳು ಬಾಯಿ ಬಿಟ್ಟರಾ?

ಹಳೇ_ಕಾಗದ:
ಸಕ್ಕರೆನಾಡು, ನ್ಯಾಯವಾದ ಪ್ರಶ್ನೆ. ಉತ್ತರ ಮಾತ್ರ ನೇರವಾಗಿಲ್ಲ.

ಮ್ಯೂಲೆನ್‌ಬರ್ಗ್ ಮೊದಲು ಇಳಿದದ್ದು 1742ರ ಸೆಪ್ಟೆಂಬರ್‌ನಲ್ಲಿ, ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ. ದಾರಿಯಲ್ಲಿ ಕುಡಿಯುವ ನೀರು ಸಾಲದೆ ಹಡಗಿನವರೆಲ್ಲ ಒದ್ದಾಡಿದ್ದರು. ಇಳಿದ ಕೂಡಲೇ ಕಂಡದ್ದು ಗುಲಾಮಗಿರಿ. ಅದನ್ನು ನೋಡಿ ದಿನಚರಿಯಲ್ಲಿ ನೊಂದು ಬರೆದಿದ್ದಾರೆ. ಅಲ್ಲಿಂದ ಜಾರ್ಜಿಯಾದ ಎಬೆನೇಝರ್‌ಗೆ ಹೋದರು. ಅದು ಧರ್ಮದ ಕಾರಣಕ್ಕೆ ಸಾಲ್ಸ್‌ಬರ್ಗ್‌ನಿಂದ ಹೊರಹಾಕಿಸಿಕೊಂಡ ಲುಥೆರನ್ ಜನರ ಊರು. ಅಲ್ಲಿನ ಪಾದ್ರಿ ಬೋಲ್ಟ್‌ಸಿಯಸ್ ಗುಲಾಮಗಿರಿ ಬೇಡ ಅಂತ ಗಟ್ಟಿಯಾಗಿ ವಾದ ಮಾಡಿದವರು. ಜಾರ್ಜಿಯಾದಲ್ಲಿ ಆಗ ಅದಕ್ಕೆ ನಿಷೇಧವೂ ಇತ್ತು. 1751ರಲ್ಲಿ ನಿಷೇಧ ತೆಗೆದರು. ಆಮೇಲೆ ಎಬೆನೇಝರ್‌ಗೂ ಗುಲಾಮಗಿರಿ ಬಂತು. ಅಂದರೆ ವಿರೋಧ ಇತ್ತು, ಆದರೆ ತಡೆದು ನಿಲ್ಲಿಸಲಿಲ್ಲ. ಎರಡನ್ನೂ ಹೇಳಬೇಕು.

ಇನ್ನೊಂದು ಹೆಸರು ಸೇರಿಸುತ್ತೇನೆ. ಯುಸ್ಟಸ್ ಫಾಕ್ನರ್. 1703ರಲ್ಲಿ ಫಿಲಡೆಲ್ಫಿಯಾದ ಸ್ವೀಡಿಷ್ ಚರ್ಚಿನಲ್ಲಿ ದೀಕ್ಷೆ ಪಡೆದ ಜರ್ಮನ್. ನ್ಯೂಯಾರ್ಕ್, ಆಲ್ಬನಿ, ನ್ಯೂಜೆರ್ಸಿ ಎಲ್ಲ ಕಡೆ ಓಡಾಡಿ ಡಚ್ ಮಾತಾಡುವ ಲುಥೆರನ್ನರನ್ನು ನೋಡಿಕೊಂಡವರು. 1714ರ ಆಗಸ್ಟ್ 1ಕ್ಕೆ ನ್ಯೂಜೆರ್ಸಿಯಲ್ಲಿ ಅವರು ಪ್ರಾರ್ಥನೆ ನಡೆಸಿದ್ದು ಯಾರ ಮನೆಯಲ್ಲಿ ಗೊತ್ತಾ? ಆರಿ ವಾನ್ ಗಿನಿ ಅನ್ನುವ ಸ್ವತಂತ್ರ ಕಪ್ಪು ಮನುಷ್ಯನ ಮನೆಯಲ್ಲಿ. ನ್ಯೂಜೆರ್ಸಿಯ ಲುಥೆರನ್ ಸಭೆಯ ಶುರು ಅದೇ ಅಂತ ಹೇಳುತ್ತಾರೆ.

ಅಮ್ಮನ_ಡಬ್ಬಿ:
ನಮ್ಮ ರಾಜ್ಯದ್ದೇ ವಿಷಯ, ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ.

ಸಕ್ಕರೆನಾಡು:
ಸರಿ, ಇದು ನನಗೂ ಹೊಸದು. ಒಪ್ಪಿದೆ. ಭೂಮಿಯ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಕರಾವಳಿ_ಗಾಳಿ:
ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಕೂಡ ಇದೇ ಹಾಲೆಯವರದ್ದು ತಾನೆ? ಮೊಗ್ಲಿಂಗ್, ಕಿಟ್ಟೆಲ್ ಎಲ್ಲ?

ಜರ್ಮನಿ_ಚಳಿ:
ಅಲ್ಲ ಅಲ್ಲ. ಬಾಸೆಲ್ ಇರುವುದು ಸ್ವಿಟ್ಜರ್‌ಲೆಂಡ್‌ನಲ್ಲಿ. ಆ ಸಂಸ್ಥೆ ಶುರುವಾದದ್ದು 1815ರಲ್ಲಿ, ಮಂಗಳೂರಿಗೆ ಬಂದದ್ದು 1834ರಲ್ಲಿ. ಮ್ಯೂಲೆನ್‌ಬರ್ಗ್ ಸತ್ತು ನಲವತ್ತು ವರ್ಷದ ಮೇಲಾಗಿತ್ತು. ಅದರಲ್ಲಿ ಲುಥೆರನ್ನರೂ ಇದ್ದರು, ರಿಫಾರ್ಮ್ಡ್ ಪಂಥದವರೂ ಇದ್ದರು. ಆದರೆ ಬೇರು ಒಂದೇ ಅನ್ನಬಹುದು. ಪಯಟಿಸಂ ಅಂತ ಕರೆಯುವ ಭಕ್ತಿ ಚಳವಳಿ. ಬರೀ ಸಿದ್ಧಾಂತ ಸಾಲದು, ಮನಸ್ಸು ಬದಲಾಗಬೇಕು, ಜನಕ್ಕೆ ಓದು ಬರಬೇಕು, ಅವರ ಮಾತಿನಲ್ಲೇ ಹೇಳಬೇಕು ಅನ್ನುವುದು ಅದರ ಜೀವ. ಮಂಗಳೂರ ಸಮಾಚಾರ, ಕಿಟ್ಟೆಲ್ ನಿಘಂಟು ಎಲ್ಲ ಬಂದದ್ದು ಆ ಹಟದಿಂದಲೇ.

ಕರಾವಳಿ_ಗಾಳಿ:
ತಿದ್ದಿದ್ದಕ್ಕೆ ಥ್ಯಾಂಕ್ಸ್. ನಮ್ಮಜ್ಜ ಮಿಷನ್ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 'ಜರ್ಮನ್ ಪಾದ್ರಿಗಳು' ಅಂತ ಎಲ್ಲರನ್ನೂ ಒಂದೇ ಮಾತಲ್ಲಿ ಹೇಳುತ್ತಿದ್ದರು. ನನಗೂ ಹಾಗೇ ಉಳಿದುಬಿಟ್ಟಿತ್ತು.

ತುಂಗೆಯ_ನೀರು:
ಅಬ್ಬಾ, ಒಂದೇ ದಿನದಲ್ಲಿ ಇಷ್ಟೊಂದು ಉತ್ತರ. ಈಗ ಹೇಳಿ, ಅವರು ಇಲ್ಲಿಗೆ ಬಂದು ಮಾಡಿದ್ದೇನು? ಬಂದ ಕೂಡಲೇ ಎಲ್ಲರೂ ಸ್ವಾಗತ ಮಾಡಿದರಾ?

ಹಳೇ_ಕಾಗದ:
ಸ್ವಾಗತವಾ? ಅವರು ಬರುವ ವಿಷಯವೇ ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿಕೊಳ್ಳಿ.

ಫಿಲಡೆಲ್ಫಿಯಾ, ನ್ಯೂ ಪ್ರಾವಿಡೆನ್ಸ್ ಅಂದರೆ ಈಗಿನ ಟ್ರ್ಯಾಪ್, ಮತ್ತೆ ನ್ಯೂ ಹ್ಯಾನೋವರ್. ಈ ಮೂರು ಸಭೆ ಸೇರಿ 1733ರಲ್ಲೇ ಯೂರೋಪಿಗೆ ಜನ ಕಳಿಸಿದ್ದವು. ನಮಗೊಬ್ಬ ಪಾದ್ರಿ ಕೊಡಿ ಅಂತ. ಹಾಲೆಯವರು ಸಂಬಳ ಎಷ್ಟು ಕೊಡುತ್ತೀರಿ ಮೊದಲು ಬರೆದು ಕೊಡಿ ಅಂದರು. ಇವರು ಮೊದಲು ಪಾದ್ರಿ ಬರಲಿ ಅಂದರು. ಹಡಗಿನಲ್ಲಿ ಕಾಗದ ಹೋಗಿ ಬರುವುದಕ್ಕೇ ತಿಂಗಳುಗಟ್ಟಲೆ. ಹೀಗೇ ಒಂಬತ್ತು ವರ್ಷ ಕಳೆಯಿತು.

ಅಷ್ಟರಲ್ಲಿ ಖಾಲಿ ಜಾಗಕ್ಕೆ ಯಾರ್‍ಯಾರೋ ಬಂದು ಕೂತಿದ್ದರು. ನ್ಯೂ ಹ್ಯಾನೋವರ್‌ನಲ್ಲಿ ಹಲ್ಲು ಕೀಳುವ ನಾಟಿ ವೈದ್ಯನೊಬ್ಬ ಪ್ರಸಂಗ, ಅಂದರೆ ಚರ್ಚಿನ ಉಪದೇಶ, ಮಾಡುತ್ತಿದ್ದ. ಫಿಲಡೆಲ್ಫಿಯಾದಲ್ಲಿ ವ್ಯಾಲೆಂಟೈನ್ ಕ್ರಾಫ್ಟ್ ಅನ್ನುವ, ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ಬಂದ ಪಾದ್ರಿ ತಾನೇ ಎಲ್ಲರ ಮೇಲಧಿಕಾರಿ ಅಂತ ಓಡಾಡುತ್ತಿದ್ದ. ಇನ್ನೊಂದು ಕಡೆ ಕೌಂಟ್ ಜಿನ್‌ಜೆನ್‌ಡಾರ್ಫ್, ಮೊರೇವಿಯನ್ ಅನ್ನುವ ಇನ್ನೊಂದು ಪ್ರೊಟೆಸ್ಟೆಂಟ್ ಪಂಥದ ಶ್ರೀಮಂತ ನಾಯಕ, ನಾನೇ ಇಲ್ಲಿನ ಲುಥೆರನ್ನರ ಪಾದ್ರಿ ಅನ್ನುತ್ತಿದ್ದ. ಆತ ಬಂದ ಸುದ್ದಿ ಕೇಳಿಯೇ ಹಾಲೆಯವರು ಗಡಬಡಿಸಿ ಮ್ಯೂಲೆನ್‌ಬರ್ಗ್‌ರನ್ನು ಕಳಿಸಿದ್ದು.

1742ರ ಡಿಸೆಂಬರ್ ಕೊನೆಯಲ್ಲಿ ಇಬ್ಬರೂ ಎದುರಾದರು. ಕೌಂಟ್ ಕುರ್ಚಿಯಲ್ಲಿ ಕೂತು ವಿಚಾರಣೆ ಮಾಡಿದ ಹಾಗೆ ಪ್ರಶ್ನೆ ಕೇಳಿದ. ಮ್ಯೂಲೆನ್‌ಬರ್ಗ್ ಬಗ್ಗಲಿಲ್ಲ. ನನಗೆ ಪತ್ರ ಕೊಟ್ಟು ಕರೆಸಿದ್ದಾರೆ, ನಿಮಗೆ ಯಾರು ಕೊಟ್ಟರು ಅನ್ನುವುದು ಅವರ ನಿಲುವು. ಸಭೆಯ ಲೆಕ್ಕದ ಪುಸ್ತಕ ವಾಪಸ್ ಕೊಡಿಸಲು ನಗರದ ಮೇಯರೇ ನಡುವೆ ಬರಬೇಕಾಯಿತು. ಹೊಸ ವರ್ಷಕ್ಕೆ ಕೌಂಟ್ ಊರು ಬಿಟ್ಟ.

ಬಯಲುಸೀಮೆ:
ಇದು ನಮ್ಮ ಮಠದ ಗದ್ದುಗೆ ಜಗಳದ ಹಾಗೇ ಇದೆಯಲ್ಲ.

ಜರ್ಮನಿ_ಚಳಿ:
ಇನ್ನೊಂದು ಸಣ್ಣ ವಿಷಯ. ಮ್ಯೂಲೆನ್‌ಬರ್ಗ್ ಮೊದಲು ಇದ್ದ ಹಳ್ಳಿಯ ಒಡತಿ ಇದೇ ಜಿನ್‌ಜೆನ್‌ಡಾರ್ಫ್‌ನ ಚಿಕ್ಕಮ್ಮ! ಮೊರೇವಿಯನ್ನರ ಮುಖ್ಯ ಊರು ಹೆರ್ನ್‌ಹೂಟ್ ಅಲ್ಲಿಂದ ಕೂಗಳತೆಯಲ್ಲಿದೆ. ಅಂದರೆ ಆ ಪಂಥದ ಒಳಗು ಹೊರಗು ಮ್ಯೂಲೆನ್‌ಬರ್ಗ್‌ಗೆ ಮೊದಲೇ ಗೊತ್ತಿತ್ತು. ಏನೂ ತಿಳಿಯದೆ ಬಂದವರಲ್ಲ.

ಮೂರನೇ_ಬೆಂಚು:
ಚಿಕ್ಕಮ್ಮನೋ ಅತ್ತೆಯೋ? ಇಂಗ್ಲಿಷಿನಲ್ಲಿ ಎಲ್ಲ ಒಂದೇ.

ಜರ್ಮನಿ_ಚಳಿ:
ತಾಯಿಯ ತಂಗಿ. ಗೆರ್ಸ್‌ಡಾರ್ಫ್ ಮನೆತನ. ಚಿಕ್ಕಮ್ಮನೇ ಸರಿ.

ಬಯಲುಸೀಮೆ:
ದಿನಾ ಅವರ ಕೆಲಸ ಹೇಗಿತ್ತು, ಅದನ್ನು ಹೇಳಿ. ಜಗಳ ಎಲ್ಲ ಕಡೆ ಇರುತ್ತೆ.

ಹಳೇ_ಕಾಗದ:
ಕುದುರೆ ಮೇಲೆ. ಫಿಲಡೆಲ್ಫಿಯಾದಿಂದ ಟ್ರ್ಯಾಪ್‌ಗೆ ಸುಮಾರು 25 ಮೈಲಿ, ನ್ಯೂ ಹ್ಯಾನೋವರ್ ಅಲ್ಲಿಂದ ಇನ್ನೂ ಹತ್ತು ಮೈಲಿ. ಸೇತುವೆ ಇಲ್ಲದ ಹೊಳೆಗಳು, ಚಳಿಗಾಲದ ಮಂಜು. ಬಂದಾಗ ಟ್ರ್ಯಾಪ್‌ನಲ್ಲಿ ಚರ್ಚೇ ಇರಲಿಲ್ಲ, ಕಣಜದ ಮನೆಯಲ್ಲಿ ಪ್ರಸಂಗ. ಮಕ್ಕಳಿಗೆ ಓದು ಬರೆಹ ಕಲಿಸಲು ಜನ ಇರಲಿಲ್ಲ, ಅದನ್ನೂ ಅವರೇ ಮಾಡಿದರು. ದೀಕ್ಷಾಸ್ನಾನ, ಮದುವೆ, ಸಾವು, ಗಂಡ ಹೆಂಡಿರ ಜಗಳ, ಜಮೀನಿನ ಜಗಳ, ಎಲ್ಲಕ್ಕೂ ಇವರೇ ಬೇಕು. 1751 ಮತ್ತು 1752ರಲ್ಲಿ ತಿಂಗಳುಗಟ್ಟಲೆ ನ್ಯೂಯಾರ್ಕ್‌ನಲ್ಲಿದ್ದು ಅಲ್ಲಿನ ಡಚ್ ಸಭೆಯನ್ನು ನೋಡಿಕೊಂಡರು. ಒಂದೇ ಭಾನುವಾರ ಜರ್ಮನ್, ಡಚ್, ಇಂಗ್ಲಿಷ್ ಮೂರರಲ್ಲೂ ಪ್ರಸಂಗ ಮಾಡುತ್ತಿದ್ದರು. ಹಾಡು ಚೆನ್ನಾಗಿ ಬರುತ್ತಿತ್ತು, ಆರ್ಗನ್ ಬಾರಿಸುತ್ತಿದ್ದರು.

ಹಾಲೆಯ ಔಷಧಿಗಳನ್ನೂ ಹಂಚುತ್ತಿದ್ದರು. ಅನಾಥಾಲಯದ ಔಷಧಿ ಅಂಗಡಿಯಿಂದ ಪೆಟ್ಟಿಗೆಗಳು ಪೆನ್ಸಿಲ್ವೇನಿಯಾಕ್ಕೂ ಬರುತ್ತಿದ್ದವು, ತರಂಗಂಬಾಡಿಗೂ ಹೋಗುತ್ತಿದ್ದವು. ಒಂದೇ ಕಪಾಟಿನ ಮದ್ದು ಎರಡು ಸಮುದ್ರ ದಾಟಿ ಎರಡು ದಿಕ್ಕಿಗೆ!

ಕಾಡುಹೂವು:
ಆಗ ಬರುತ್ತಿದ್ದ ಜನರ ಸ್ಥಿತಿಯನ್ನೂ ಹೇಳಬೇಕು. ತುಂಬಾ ಜನ ಹಡಗಿನ ಬಾಡಿಗೆ ಕೊಡಲಾಗದೆ ಸಾಲದ ಮೇಲೆ ಬಂದವರು. ಬಂದರಿನಲ್ಲಿ ಯಾರೋ ಆ ಬಾಡಿಗೆ ಕೊಟ್ಟರೆ ಅವರ ಮನೆಯಲ್ಲಿ ಮೂರು ವರ್ಷ, ಐದು ವರ್ಷ, ಕೆಲವರು ಅದಕ್ಕಿಂತ ಜಾಸ್ತಿ ದುಡಿಯಬೇಕು. ನಾವು ಜೀತ ಅನ್ನುತ್ತೇವಲ್ಲ, ಹಾಗೆ. ದಾರಿಯಲ್ಲಿ ಗಂಡ ಸತ್ತರೆ ಅವನ ಬಾಡಿಗೆಯೂ ಹೆಂಡತಿಯ ತಲೆ ಮೇಲೆ. ಅಪ್ಪ ಅಮ್ಮ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಟ್ರ್ಯಾಪ್ ಚರ್ಚಿನಲ್ಲೇ 1750ರಿಂದ ಶಾಲಾ ಮಾಸ್ತರ, ಆರ್ಗನ್ ವಾದಕ ಆಗಿದ್ದ ಗಾಟ್ಲೀಬ್ ಮಿಟ್ಟೆಲ್‌ಬರ್ಗರ್ ಊರಿಗೆ ವಾಪಸ್ ಹೋಗಿ ಈ ಹಡಗುಗಳ ನರಕವನ್ನು ಬರೆದರು. ಯಾರೂ ಮೋಸ ಹೋಗಬೇಡಿ ಅಂತ.

ಸಕ್ಕರೆನಾಡು ಅವರೇ, ಈ ಜನರೂ ವಸಾಹತಿನವರೇ, ಆದರೆ ಅವರೇನು ದೊರೆಗಳಾಗಿರಲಿಲ್ಲ.

ಸಕ್ಕರೆನಾಡು:
ಅದನ್ನು ನಾನೂ ಒಪ್ಪುತ್ತೇನೆ. ಆದರೆ ಬಡವ ಬಂದು ಕೂತರೂ ಲೆನಾಪಿಯವನ ಪಾಲಿಗೆ ಭೂಮಿ ಹೋದದ್ದು ಹೋದದ್ದೇ ಅಲ್ವಾ.

ಹಳೇ_ಕಾಗದ:
ಹೌದು. ಇದಕ್ಕೆ ನನ್ನ ಹತ್ತಿರ ಮರುಮಾತಿಲ್ಲ. ಮ್ಯೂಲೆನ್‌ಬರ್ಗ್ ಮನೆಗೂ ಈ ವಿಷಯ ಹತ್ತಿರದ್ದೇ. 1745ರಲ್ಲಿ ಅವರು ಮದುವೆಯಾದದ್ದು ಆನಾ ಮರಿಯಾ ವೈಸರ್ ಅನ್ನುವ ಹುಡುಗಿಯನ್ನು. ಅವಳ ಅಪ್ಪ ಕಾನ್ರಾಡ್ ವೈಸರ್ ಹುಡುಗನಾಗಿದ್ದಾಗ ಮೂಲನಿವಾಸಿ ಮೊಹಾಕ್ ಜನರ ಜೊತೆ ಇದ್ದು ಅವರ ಮಾತು ಕಲಿತವರು. ಆಮೇಲೆ ಪೆನ್ಸಿಲ್ವೇನಿಯಾ ಸರ್ಕಾರಕ್ಕೂ ಮೊಹಾಕರೂ ಸೇರಿದ್ದ ಇರೊಕ್ವಾ ಒಕ್ಕೂಟಕ್ಕೂ ನಡುವಿನ ದೊಡ್ಡ ದುಭಾಷಿ. ಎಷ್ಟೋ ಒಪ್ಪಂದಗಳು ಅವರ ಬಾಯಿ ಮೂಲಕವೇ ಆದದ್ದು. ಆ ಒಪ್ಪಂದಗಳಲ್ಲಿ ಲೆನಾಪಿಗಳಿಗೆ ನಷ್ಟವೇ ಜಾಸ್ತಿ ಆಯಿತು.

ತುಂಗೆಯ_ನೀರು:
ಈಗ ಮಕ್ಕಳ ಕಥೆಗೆ ಬನ್ನಿ. ನಿಲುವಂಗಿ ಕಳಚಿದ್ದು ನಿಜವಾ?

ಬಯಲುಸೀಮೆ:
ನಾನು ವಾಷಿಂಗ್ಟನ್‌ನಲ್ಲಿ ಸಂಸತ್ ಕಟ್ಟಡದೊಳಗೆ ಆ ಪ್ರತಿಮೆ ನೋಡಿದ್ದೇನೆ. ಪೀಟರ್ ಮ್ಯೂಲೆನ್‌ಬರ್ಗ್. ನಿಲುವಂಗಿ ತೆಗೆಯುತ್ತಿರುವ ಹಾಗೇ ಕೆತ್ತಿದ್ದಾರೆ. ಪೆನ್ಸಿಲ್ವೇನಿಯಾದವರು ಕೊಟ್ಟದ್ದು. ಪ್ರತಿಮೆಯೇ ಇದೆ ಅಂದಮೇಲೆ ನಿಜವೇ ಇರಬೇಕು.

ಹಳೇ_ಕಾಗದ:
ಪ್ರತಿಮೆ ಇದ್ದರೆ ನಿಜ ಅನ್ನುವ ಹಾಗಿಲ್ಲ. ಪೀಟರ್ 1776ರ ಜನವರಿಯಲ್ಲಿ ವರ್ಜೀನಿಯಾದ ವುಡ್‌ಸ್ಟಾಕ್‌ನಲ್ಲಿ ಪಾದ್ರಿ ಕೆಲಸ ಬಿಟ್ಟು, ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧಕ್ಕೆ ರೆಜಿಮೆಂಟ್ ಕಟ್ಟಿದ್ದು ನಿಜ. ಬೀಳ್ಕೊಡುಗೆಯ ಪ್ರಸಂಗ ಮಾಡಿದ್ದೂ ಇರಬಹುದು. 'ಪ್ರತಿಯೊಂದಕ್ಕೂ ಒಂದು ಕಾಲ' ಅನ್ನುವ ವಾಕ್ಯ ಓದಿ, ಈಗ ಯುದ್ಧದ ಕಾಲ ಅಂತ ನಿಲುವಂಗಿ ಎಸೆದು ಒಳಗಿನ ಸಮವಸ್ತ್ರ ತೋರಿಸಿದರು ಅನ್ನುವ ನಾಟಕೀಯ ದೃಶ್ಯ ಹರಡಿದ್ದು 1849ರಲ್ಲಿ ಅವರ ವಂಶದವರೇ ಬರೆದ ಜೀವನಚರಿತ್ರೆಯಿಂದ. ನಡುವೆ ಎಪ್ಪತ್ತಮೂರು ವರ್ಷ. ಇನ್ನೊಂದು ಮಾತು. ವರ್ಜೀನಿಯಾದಲ್ಲಿ ಇಂಗ್ಲೆಂಡಿನ ಚರ್ಚೇ ಸರ್ಕಾರಿ ಚರ್ಚು. ಅದಕ್ಕೆ ಪೀಟರ್ 1772ರಲ್ಲಿ ಲಂಡನ್‌ಗೆ ಹೋಗಿ ಆಂಗ್ಲಿಕನ್ ದೀಕ್ಷೆಯನ್ನೂ ತೆಗೆದುಕೊಂಡಿದ್ದರು. ಕಥೆ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ.

ತಮ್ಮ ಫ್ರೆಡರಿಕ್ ಆಗ ನ್ಯೂಯಾರ್ಕ್‌ನಲ್ಲಿ ಪಾದ್ರಿ. ಪಾದ್ರಿಗೆ ಯುದ್ಧ ಯಾಕೆ ಅಂತ ಅಣ್ಣನಿಗೆ ಬಿರುಸಾಗಿ ಕಾಗದ ಬರೆದರು. ನಾನು ಪಾದ್ರಿ ಹೌದು, ಆದರೆ ಈ ಸಮಾಜದವನೂ ಹೌದು ಅನ್ನುವ ಅರ್ಥದಲ್ಲಿ ಅಣ್ಣ ಉತ್ತರ ಕೊಟ್ಟರು. ಬ್ರಿಟಿಷ್ ಸೇನೆ ನ್ಯೂಯಾರ್ಕ್‌ಗೆ ಬಂದಾಗ ಫ್ರೆಡರಿಕ್ ಕೂಡ ಓಡಬೇಕಾಯಿತು. ಆಮೇಲೆ ಅವರೂ ರಾಜಕೀಯಕ್ಕೆ ಇಳಿದು, 1789ರಲ್ಲಿ ಅಮೆರಿಕದ ಕೆಳಮನೆಯ ಮೊದಲ ಸ್ಪೀಕರ್ ಆದರು.

ಅಮ್ಮನ_ಡಬ್ಬಿ:
ಅಪ್ಪನಿಗೆ ಹೇಗಾಗಿರಬೇಡ. ಹ್ಯಾನೋವರ್‌ನವರು ಅಂದರೆ ಇಂಗ್ಲೆಂಡಿನ ರಾಜನೇ ಅವರ ಊರಿನ ದೊರೆ ಅಲ್ವಾ?

ಹಳೇ_ಕಾಗದ:
ಸರಿಯಾಗಿ ಹಿಡಿದಿರಿ. ಜಾರ್ಜ್ ರಾಜರು ಹ್ಯಾನೋವರ್‌ನ ದೊರೆಗಳೂ ಹೌದು. ಹುಟ್ಟಿದ ಊರಿನ ದೊರೆ ಒಂದು ಕಡೆ, ಮಗ ಇನ್ನೊಂದು ಕಡೆ. ಅಪ್ಪ 1776ರಲ್ಲಿ ಫಿಲಡೆಲ್ಫಿಯಾ ಬಿಟ್ಟು ಟ್ರ್ಯಾಪ್‌ಗೆ ಬಂದರು. ಯುದ್ಧ ಅಲ್ಲಿಗೂ ಬಂತು. 1777ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಚರ್ಚಿಗೆ ಹೋಗಿ ನೋಡಿದರೆ ಒಳಗೆಲ್ಲ ಅಮೆರಿಕನ್ ಸೈನಿಕರು. ಒಬ್ಬ ಆರ್ಗನ್ ಬಾರಿಸುತ್ತಿದ್ದ, ಉಳಿದವರು ಹಾಡುತ್ತಿದ್ದರು. ನೆಲದಲ್ಲಿ ಹುಲ್ಲು, ಕೊಳಕು. ಹೊರಗೆ ಅವರ ಹೊಲ ಹಾಳಾಗಿತ್ತು. ಆ ಸೈನ್ಯದಲ್ಲೇ ಅವರ ಮಗ ಜನರಲ್. ಫಿಲಡೆಲ್ಫಿಯಾದಲ್ಲಿ ಬ್ರಿಟಿಷರು ಅವರ ದೊಡ್ಡ ಜಯನ್ ಚರ್ಚನ್ನು ಆಸ್ಪತ್ರೆ ಮಾಡಿಕೊಂಡರು. ಎರಡೂ ಸೈನ್ಯ ಎರಡು ಚರ್ಚು ಹಿಡಿದವು. ಇದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. 1742ರಿಂದ 1787ರಲ್ಲಿ ಸಾಯುವವರೆಗೂ ಬರೆದರು.

ಕಾಡುಹೂವು:
ಮೂರನೇ ಮಗನನ್ನು ಯಾರೂ ಹೇಳುತ್ತಿಲ್ಲ! ಗೊಟ್‌ಹಿಲ್ಫ್ ಹೆನ್ರಿ ಅರ್ನ್ಸ್ಟ್. ನಾನು ಸಸ್ಯಶಾಸ್ತ್ರ ಓದಿದವಳು, ನನಗೆ ಮ್ಯೂಲೆನ್‌ಬರ್ಗ್ ಅಂದರೆ ಇವರೇ. ಲ್ಯಾಂಕಾಸ್ಟರ್‌ನಲ್ಲಿ ಪಾದ್ರಿಯಾಗಿದ್ದುಕೊಂಡೇ ಸುತ್ತಲಿನ ಸಾವಿರಕ್ಕೂ ಹೆಚ್ಚು ಗಿಡಗಳನ್ನು ಪಟ್ಟಿ ಮಾಡಿದರು. ಬ್ರಿಟಿಷರಿಂದ ತಪ್ಪಿಸಿಕೊಂಡು ಹಳ್ಳಿಯಲ್ಲಿ ಅಡಗಿದ್ದಾಗ ಗಿಡಗಳ ಹುಚ್ಚು ಹತ್ತಿದ್ದಂತೆ. ತೋಟಗಳಲ್ಲಿ ಶರತ್ಕಾಲಕ್ಕೆ ಗುಲಾಬಿ ಬಣ್ಣದ ಮೋಡದ ಹಾಗೆ ನಿಲ್ಲುವ ಹುಲ್ಲು ಇದೆಯಲ್ಲ, ಅದರ ಕುಲದ ಹೆಸರು ಮ್ಯೂಲೆನ್‌ಬರ್ಗಿಯಾ. ಜವುಗಿನಲ್ಲಿರುವ ಪುಟ್ಟ ಬಾಗ್ ಆಮೆಗೂ ಅವರದೇ ಹೆಸರು.

ಮೂರನೇ_ಬೆಂಚು:
ನಮ್ಮ ಆಫೀಸಿನ ಮುಂದೆ ಆ ಹುಲ್ಲು ಇದೆ! ನಾಳೆ ಎಲ್ಲರಿಗೂ ಹೇಳುತ್ತೇನೆ.

ತುಂಗೆಯ_ನೀರು:
ಕೊನೆಯದು. ಒಂದು ವೋಟಿನ ಕಥೆ?

ಬಯಲುಸೀಮೆ:
ಅದು ನಿಜವೇ. ನಮ್ಮ ಕಾಲೇಜಿನಲ್ಲಿ ಮೇಷ್ಟ್ರು ಹೇಳಿದ್ದರು. ಒಂದು ವೋಟಿನ ಬೆಲೆ ಅಂತ.

ಜರ್ಮನಿ_ಚಳಿ:
ಇಲ್ಲಿ ಜರ್ಮನಿಯಲ್ಲೂ ಎಲ್ಲರೂ ಹಾಗೇ ನಂಬಿದ್ದಾರೆ. ಆದರೆ ಸುಳ್ಳು. ಜರ್ಮನ್ ಆಡಳಿತ ಭಾಷೆ ಆಗಲಿ ಅಂತ ಯಾರೂ ಮಸೂದೆಯನ್ನೇ ತರಲಿಲ್ಲ. ನಡೆದದ್ದು ಇಷ್ಟೇ. 1794ರಲ್ಲಿ ವರ್ಜೀನಿಯಾದ ಅಗಸ್ಟಾ ಕೌಂಟಿಯ ಜರ್ಮನ್ನರು ಒಂದು ಅರ್ಜಿ ಕೊಟ್ಟರು. ಕಾನೂನುಗಳನ್ನು ಜರ್ಮನ್‌ನಲ್ಲೂ ಅಚ್ಚು ಹಾಕಿಸಿ, ನಮ್ಮ ಜನಕ್ಕೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಅಂತ. 1795ರ ಜನವರಿಯಲ್ಲಿ ಆ ಚರ್ಚೆ ನಡೆಯುವಾಗ, ಈಗ ಮುಂದೂಡೋಣ ಅನ್ನುವ ಸೂಚನೆ 41ಕ್ಕೆ 42 ವೋಟಿನಿಂದ ಬಿದ್ದುಹೋಯಿತು. ಆ ಒಂದು ವೋಟೇ ಬೆಳೆದು ಬೆಳೆದು ಕಥೆಯಾಯಿತು. ಸ್ಪೀಕರ್ ಜರ್ಮನ್ ಮೂಲದವರು ಅನ್ನುವುದು ಕಥೆಗೆ ಇನ್ನಷ್ಟು ರುಚಿ ಕೊಟ್ಟಿತು. ಅನುವಾದದ ಕೋರಿಕೆಯೂ ಕೊನೆಗೆ ಒಪ್ಪಿಗೆ ಪಡೆಯಲಿಲ್ಲ.

ಬಯಲುಸೀಮೆ:
ಮೇಷ್ಟ್ರಿಗೆ ಫೋನ್ ಮಾಡಿ ಹೇಳಬೇಕು. ಖುಷಿ ಪಡುತ್ತಾರೆ, ತಿದ್ದಿದರೆ ಬೇಜಾರಾಗುವವರಲ್ಲ.

ಹಳೇ_ಕಾಗದ:
ಫ್ರೆಡರಿಕ್‌ನ ನಿಜವಾದ ವೋಟಿನ ಕಥೆ ಬೇರೆ ಇದೆ. 1796ರಲ್ಲಿ ಬ್ರಿಟನ್ ಜೊತೆಗಿನ ಜೇ ಒಪ್ಪಂದಕ್ಕೆ ಹಣ ಕೊಡುವ ಪ್ರಶ್ನೆ. ವೋಟು ಸಮಸಮ ಆಯಿತು. ಅಧ್ಯಕ್ಷತೆ ವಹಿಸಿದ್ದ ಫ್ರೆಡರಿಕ್ ಒಪ್ಪಂದದ ಪರ ವೋಟು ಹಾಕಿದರು. ಕೆಲವೇ ದಿನದಲ್ಲಿ ಸ್ವಂತ ಭಾವಮೈದುನನೇ ಚಾಕು ಹಾಕಿದ. ಬದುಕಿಕೊಂಡರು, ಆದರೆ ಕಾಂಗ್ರೆಸ್ಸಿಗೆ ಮತ್ತೆ ಆರಿಸಿ ಬರಲಿಲ್ಲ.

ಅಮ್ಮನ_ಡಬ್ಬಿ:
ನನಗೆ ಕಾಡುವುದು ಬೇರೆ ವಿಷಯ. ಆ ಜನ ಅಷ್ಟು ಕಷ್ಟಪಟ್ಟು ಚರ್ಚು ಕಟ್ಟಿ, ಶಾಲೆ ಕಟ್ಟಿ ಜರ್ಮನ್ ಉಳಿಸಿಕೊಂಡರಲ್ಲ, ಮುಂದೆ ಏನಾಯಿತು? ನಮ್ಮ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಭಾನುವಾರ ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋಗುತ್ತೇನೆ. ಬರೆಯುತ್ತಾನೆ, ಓದುತ್ತಾನೆ, ಮಾತು ಮಾತ್ರ ಆಡುವುದಿಲ್ಲ.

ಹಳೇ_ಕಾಗದ:
ಏನಾಯಿತು ಅಂದರೆ, ಜಗಳ ಆಯಿತು. ಹೊಸ ತಲೆಮಾರಿಗೆ ಇಂಗ್ಲಿಷ್ ಪ್ರಸಂಗ ಬೇಕಿತ್ತು. ಹಳಬರು ಬೇಡವೇ ಬೇಡ ಅಂದರು. ಫಿಲಡೆಲ್ಫಿಯಾದ ಅದೇ ಸಭೆ ಇಬ್ಭಾಗವಾಗಿ 1806ರಲ್ಲಿ ಇಂಗ್ಲಿಷ್ ಬೇಕೆಂದವರು ಹೊರಗೆ ಹೋಗಿ ಸೇಂಟ್ ಜಾನ್ಸ್ ಅನ್ನುವ ಬೇರೆ ಚರ್ಚು ಕಟ್ಟಿದರು. ಆ ಗುಂಪಿನ ಮುಂದಾಳು ಯಾರು ಗೊತ್ತಾ? ಜನರಲ್ ಪೀಟರ್ ಮ್ಯೂಲೆನ್‌ಬರ್ಗ್. ಪಾದ್ರಿಯ ಹಿರಿಯ ಮಗ. 1816ರಲ್ಲಿ ಉಳಿದವರಲ್ಲೂ ಮತ್ತೆ ಇದೇ ವಿಷಯಕ್ಕೆ ಗಲಾಟೆಯಾಗಿ ಕೋರ್ಟ್ ಮೆಟ್ಟಿಲು ಹತ್ತಿದರು.

ಅಮ್ಮನ_ಡಬ್ಬಿ:
ಮಗನೇ!

ಸಕ್ಕರೆನಾಡು:
ಅಪ್ಪ ಮಾಡಿದ್ದರಲ್ಲೇ ಉತ್ತರ ಇತ್ತು ಅನಿಸುತ್ತೆ. ಅವರೇ ಮೂರು ಭಾಷೆಯಲ್ಲಿ ಪ್ರಸಂಗ ಮಾಡುತ್ತಿದ್ದರು ಅಂದಿರಲ್ಲ. ಯಾರಿಗೆ ಯಾವ ಮಾತು ಅರ್ಥವಾಗುತ್ತೋ ಅದರಲ್ಲಿ. ಮಕ್ಕಳನ್ನು ಮಾತ್ರ ಜರ್ಮನ್‌ನಲ್ಲೇ ಇರಿಸಲು ಹೋದರಾ?

ಜರ್ಮನಿ_ಚಳಿ:
ಮಕ್ಕಳನ್ನು ಜರ್ಮನಿಗೇ ಕಳಿಸಿದರು! 1763ರಲ್ಲಿ ಮೂವರನ್ನೂ ಹಾಲೆಗೆ ಹಡಗು ಹತ್ತಿಸಿದರು. ಪೀಟರ್‌ಗೆ ಹದಿನಾರು, ಫ್ರೆಡರಿಕ್‌ಗೆ ಹದಿಮೂರು, ಕಿರಿಯನಿಗೆ ಒಂಬತ್ತು. ಚಿಕ್ಕವರಿಬ್ಬರು ಓದಿ 1770ರಲ್ಲಿ ವಾಪಸ್ ಬಂದರು. ಪೀಟರ್‌ಗೆ ಓದು ಹತ್ತಲಿಲ್ಲ. ಲ್ಯೂಬೆಕ್‌ನಲ್ಲಿ ಒಬ್ಬ ಅಂಗಡಿಯವನ ಹತ್ತಿರ ಕೆಲಸ ಕಲಿಯಲು ಬಿಟ್ಟರು. ಅಲ್ಲಿಂದ ತಪ್ಪಿಸಿಕೊಂಡು ಬ್ರಿಟಿಷ್ ರೆಜಿಮೆಂಟ್ ಸೇರಿ ಅಮೆರಿಕಕ್ಕೆ ಬಂದುಬಿಟ್ಟ. ಊರಿಗೆ ಬರಬೇಕು ಅಂತ ಸೈನ್ಯ ಸೇರಿದ ಹುಡುಗ.

ಅಮ್ಮನ_ಡಬ್ಬಿ:
ಒಂಬತ್ತು ವರ್ಷದ ಮಗುವನ್ನು ಏಳು ವರ್ಷ ಸಮುದ್ರದಾಚೆ ಬಿಟ್ಟರಾ. ಆ ತಾಯಿ ಹನ್ನೊಂದು ಹೆತ್ತವಳು, ಅದರಲ್ಲಿ ಬೆಳೆದು ದೊಡ್ಡವರಾದದ್ದು ಏಳೇ ಅಂತ ಈಗ ತಾನೆ ಓದಿದೆ. ಎಲ್ಲರೂ ಪಾದ್ರಿ ಪಾದ್ರಿ ಅಂತೀರಿ. ಅವರು ಕುದುರೆ ಹತ್ತಿ ನ್ಯೂಯಾರ್ಕ್ ಅಂತ ಹೋದಾಗ ಮನೆ ನಡೆಸಿದ್ದು ಆನಾ ಮರಿಯಾ ಅಲ್ವಾ. ಗಂಡ ಹೋದ ಮೇಲೂ ಹದಿನೈದು ವರ್ಷ ಬದುಕಿದ್ದಳು, 1802ರವರೆಗೆ.

ಕಾಡುಹೂವು:
ಈ ಮಾತು ಯಾರಾದರೂ ಹೇಳಬೇಕಿತ್ತು.

ಬಯಲುಸೀಮೆ:
ಒಂದು ಸಂಶಯ. ಇಷ್ಟೆಲ್ಲ ಮಾಡಿದರು ಅನ್ನುತ್ತೀರಿ, ಅವರು ಬಿಟ್ಟುಹೋದದ್ದು ಏನು? ಕಟ್ಟಡ ಬಿಟ್ಟು.

ಹಳೇ_ಕಾಗದ:
ಎರಡು ಹೇಳುತ್ತೇನೆ. 1748ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದ ಸೇಂಟ್ ಮೈಕೆಲ್ ಚರ್ಚಿನಲ್ಲಿ ಪಾದ್ರಿಗಳನ್ನೂ ಸಭೆಗಳ ಪ್ರತಿನಿಧಿಗಳನ್ನೂ ಒಂದು ಕಡೆ ಸೇರಿಸಿದರು. ಅಲ್ಲಿ ಒಬ್ಬರಿಗೆ ದೀಕ್ಷೆ ಕೊಟ್ಟರು, ಎಲ್ಲರಿಗೂ ಒಂದೇ ಪ್ರಾರ್ಥನಾ ಕ್ರಮ ಒಪ್ಪಿದರು. ಪೆನ್ಸಿಲ್ವೇನಿಯಾ ಮಿನಿಸ್ಟೀರಿಯಂ ಅಂತ ಅದಕ್ಕೆ ಹೆಸರು. ಉತ್ತರ ಅಮೆರಿಕದ ಮೊದಲ ಲುಥೆರನ್ ಒಕ್ಕೂಟ. ಕೆಲವರು ದಿನಾಂಕ ಆಗಸ್ಟ್ 15 ಅನ್ನುತ್ತಾರೆ, ಕೆಲವರು 26. ಎರಡೂ ಸರಿ. ಇಂಗ್ಲಿಷರ ವಸಾಹತುಗಳಲ್ಲಿ 1752ರವರೆಗೆ ಹಳೇ ಪಂಚಾಂಗ ಇತ್ತು, ಹನ್ನೊಂದು ದಿನ ಹಿಂದೆ.

ಎರಡನೆಯದು 1762ರ ಸಭಾ ನಿಯಮಾವಳಿ. ಹಿರಿಯರನ್ನು, ಪಾರುಪತ್ಯಗಾರರನ್ನು ಸದಸ್ಯರೇ ವೋಟು ಹಾಕಿ ಆರಿಸುವ ಕ್ರಮ. ಜರ್ಮನಿಯಲ್ಲಿ ಪಾದ್ರಿಗೆ ಸಂಬಳ, ಚರ್ಚಿಗೆ ಹಣ ಎಲ್ಲ ದೊರೆಯ ಆಶ್ರಯದಲ್ಲಿ. ಇಲ್ಲಿ ದೊರೆ ಇಲ್ಲ. ಜನರೇ ಹಣ ಹಾಕಬೇಕು, ಅದಕ್ಕೆ ಜನರೇ ತೀರ್ಮಾನಿಸಬೇಕು. ದೊರೆಯ ನೆರಳಲ್ಲಿ ಬೆಳೆದ ಮನುಷ್ಯ ಇದನ್ನು ಒಪ್ಪಿ ಬರೆದದ್ದೇ ನನಗೆ ಅವರ ದೊಡ್ಡ ಕೆಲಸ ಅನಿಸುತ್ತೆ.

ಸಕ್ಕರೆನಾಡು:
ಇದನ್ನು ಮೊದಲೇ ಹೇಳಿದ್ದರೆ ನಾನು ಇಷ್ಟು ಜಗಳ ಆಡುತ್ತಿರಲಿಲ್ಲ.

ಕರಾವಳಿ_ಗಾಳಿ:
ಆ ಸಮಾಧಿ ಕಲ್ಲಿನ ಲ್ಯಾಟಿನ್ ಏನು ಅಂತ ಯಾರೂ ಹೇಳಲೇ ಇಲ್ಲ.

ಹಳೇ_ಕಾಗದ:
'ಇವರು ಎಂಥವರು, ಎಷ್ಟು ದೊಡ್ಡವರು ಅನ್ನುವುದು ಮುಂದಿನ ತಲೆಮಾರುಗಳಿಗೆ ಕಲ್ಲಿಲ್ಲದೆಯೂ ತಿಳಿದಿರುತ್ತದೆ.' ಹೆಚ್ಚು ಕಡಿಮೆ ಹೀಗೆ. 1787ರ ಅಕ್ಟೋಬರ್ 7ಕ್ಕೆ ತೀರಿಕೊಂಡರು, 76 ವರ್ಷ.

ತುಂಗೆಯ_ನೀರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಶನಿವಾರ ಮತ್ತೆ ಈಜು ಕ್ಲಾಸು ಇದೆ, ಮತ್ತೆ ಟ್ರ್ಯಾಪ್‌ಗೆ ಹೋಗುತ್ತೇನೆ. ಈ ಸಲ ಆನಾ ಮರಿಯಾ ಹೆಸರೂ ಎಲ್ಲಿದೆ ಅಂತ ಹುಡುಕುತ್ತೇನೆ. ಆ ಹಿರಿಯರು ಸಿಕ್ಕರೆ ಒಂದು ವೋಟಿನ ಕಥೆ ಸುಳ್ಳು ಅಂತ ಹೇಳಲಾ ಬೇಡವಾ?

ಅಮ್ಮನ_ಡಬ್ಬಿ:
ಹೇಳಿ, ಆದರೆ ಮೆಲ್ಲಗೆ. ನಾನೂ ಬರುತ್ತೇನೆ. ನ್ಯೂಜೆರ್ಸಿ ಕಡೆಯಿಂದ ಇನ್ನಿಬ್ಬರಿಗೆ ಕಾರಿನಲ್ಲಿ ಜಾಗ ಇದೆ. ಮಗನನ್ನೂ ಕರೆತರುತ್ತೇನೆ.

ಮೂರನೇ_ಬೆಂಚು:
ಒಂದು ಸೀಟು ನನಗೆ.